ಬಿಗಿದುಕೊಂಡ ಅಂಗಳದ ನಲ್ಲಿ: ಕಾರಣ ಮತ್ತು ದುರಸ್ತಿ ಕ್ರಮ

ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಅಂಗಳದ ಬಳಕೆಗೂ ಹಿತ್ತಿಲಿನ ಅಡಿಕೆ, ತೆಂಗಿನ ಗಿಡಗಳಿಗೂ ಕೊಳವೆಬಾವಿಯ ನೀರೇ ಆಧಾರ. ನೀರು ಗಡಸಾಗಿದ್ದಲ್ಲಿ ಅದರಲ್ಲಿನ ಸುಣ್ಣದ ಲವಣಗಳು ತಿರುಪಿನ ನಲ್ಲಿಯೊಳಗೆ ಬಿಳಿ ಪದರವಾಗಿ ಕುಳಿತು ಅದನ್ನು ಬಿಗಿಯುತ್ತವೆ. ಬಲವಂತವಾಗಿ ತಿರುಗಿಸಿದರೆ ನಲ್ಲಿಗಿಂತ ಮೊದಲು ಪಿವಿಸಿ ಕೊಳವೆಯ ಜೋಡಣೆ ಮುರಿಯುವುದುಂಟು. ಬೇಸಿಗೆಯಲ್ಲಿ ಕೂಡಿಟ್ಟ ತೊಟ್ಟಿಯ ನೀರು ವ್ಯರ್ಥವಾಗಿ ಹರಿದುಹೋಗುತ್ತದೆ.

ದುರಸ್ತಿ ಕ್ರಮ

1. ಪಂಪ್ ನಿಲ್ಲಿಸಿ, ತೊಟ್ಟಿಯ ಗೇಟ್ ವಾಲ್ವ್ ಮುಚ್ಚಿರಿ. ಅದೇ ಕೊಳವೆಯ ಬೇರೊಂದು ನಲ್ಲಿ ತೆರೆದು ಒತ್ತಡ ಇಳಿಸಿರಿ.
2. ನಿಂಬೆರಸ ಅಥವಾ ವಿನೆಗರ್‌ನಲ್ಲಿ ತೋಯಿಸಿದ ಬಟ್ಟೆಯನ್ನು ಹಿಡಿಯ ಬುಡಕ್ಕೆ ಒಂದು ಗಂಟೆ ಸುತ್ತಿಟ್ಟು, ಬಳಿಕ ತೊಳೆಯಿರಿ.
3. ಒಂದು ಸ್ಪ್ಯಾನರ್‌ನಿಂದ ನಲ್ಲಿಯನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ಹಿಡಿಯ ಕೆಳಗಿನ ನಟ್ಟನ್ನು ಕಾಲು ಸುತ್ತು ಸಡಿಲಿಸಿರಿ. ತಿರುಚುವ ಬಲ ಕೊಳವೆಗೆ ತಗಲಬಾರದು.
4. ಹಿಡಿಯನ್ನು ಎರಡೂ ಕಡೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿ ಬಿಡಿಸಿರಿ. ನಂತರ ನಟ್ಟನ್ನು ಹಿತವಾಗಿ ಬಿಗಿಯಿರಿ.
5. ಮುಚ್ಚಿದ ಮೇಲೂ ಹನಿ ನಿಲ್ಲದಿದ್ದರೆ ಒಳಗಿನ ವಾಷರ್ ಬದಲಿಸಿರಿ. ಸೆಕೆಂಡಿಗೆ ಒಂದು ಹನಿ ಸೋರಿದರೂ ದಿನಕ್ಕೆ ಸುಮಾರು 20 ಲೀಟರ್ ನೀರು ನಷ್ಟವಾಗುತ್ತದೆ.

ಮುನ್ನೆಚ್ಚರಿಕೆ

ಪಿವಿಸಿ ಜೋಡಣೆಗಳ ಮೇಲೆ ಕುದಿನೀರು ಸುರಿಯಬಾರದು, ಅವು ಮೆತ್ತಗಾಗುತ್ತವೆ. ಕುಡಿಯುವ ನೀರಿನ ನಲ್ಲಿಗೆ ಯಂತ್ರದ ಎಣ್ಣೆಯನ್ನು ಬಳಸಬೇಡಿ. ನಲ್ಲಿಯನ್ನು ಅತಿಯಾಗಿ ಬಿಗಿದು ಮುಚ್ಚಿದರೆ ವಾಷರ್ ಜಜ್ಜಿಹೋಗುತ್ತದೆ. ಅಪರೂಪಕ್ಕೆ ಬಳಸುವ ನಲ್ಲಿಯನ್ನು ತಿಂಗಳಿಗೊಮ್ಮೆ ಪೂರ್ಣ ತೆರೆದು ಮುಚ್ಚಿದಲ್ಲಿ ಸುಣ್ಣದ ಪದರ ಗಟ್ಟಿಗೊಳ್ಳುವುದು ಬಹುಮಟ್ಟಿಗೆ ತಪ್ಪುತ್ತದೆ.