ಇಂಗ್ಲೆಂಡಿನ ಪಾನಗೃಹಗಳೂ ಬಾಲಕರೂ

ಅಷ್ಟಾದಶವರ್ಣನೆಗಳಲ್ಲಿ ಮಧುಪಾನವೂ ಒಂದೆಂಬುದನ್ನು ಕಾವ್ಯಾಭ್ಯಾಸಿಗಳೆಲ್ಲರೂ ಬಲ್ಲರು. ಅದು ಶೃಂಗಾರಕ್ಕೆ ಅಂಗವಾಗಿ ಬರತಕ್ಕ ವರ್ಣನೆಯಾದುದರಿಂದ ಅಲ್ಲಿ ನಮಗೆ ಕಾಣುವವರು ಪ್ರಾಯದ ನಾಯಕನಾಯಿಕೆಯರು. ಇಂಗ್ಲಿಷ್ ಸಾಹಿತ್ಯವನ್ನು ಓದಿಸತಕ್ಕವರಿಗಾದರೋ ಬೇರೊಂದು ಚಿತ್ರ ಎದುರಾಗುತ್ತದೆ. ಹತ್ತು ಹನ್ನೆರಡು ವರ್ಷದ ಹುಡುಗನು ಪಾನಗೃಹವನ್ನು ಹೊಕ್ಕು, ಕಾಸು ಕೊಟ್ಟು, ಬಿಯರ್ ಬೇಡುತ್ತಾನೆ. ಬೇಡಿದವನಿಗಾಗಲಿ ಕೊಟ್ಟವನಿಗಾಗಲಿ ಅದು ಅಪರಾಧವೆಂಬ ಶಂಕೆಯೇ ಇರುವುದಿಲ್ಲ. ಇಂಥ ಭಾಗಗಳನ್ನು ಓದಿದವರಲ್ಲಿ ಕೆಲವರು ಅದನ್ನು ಒಂದು ಮುಗ್ಧ ಕಾಲದ ನೆನಪೆಂದು ಮೆಚ್ಚುವರು. ಕೆಲವರು ಒಂದು ಕ್ರೂರ ಕಾಲದ ಸಾಕ್ಷ್ಯವೆಂದು ಮರುಗುವರು. ಈ ಎರಡು ತೀರ್ಮಾನಗಳಲ್ಲಿ ಯಾವುದೊಂದನ್ನೂ ಸ್ವೀಕರಿಸುವ ಮೊದಲು, ಆ ನೆನಪುಗಳು ಹುಟ್ಟಿದ ಕಾಲದಲ್ಲಿ ಕಾಯಿದೆಯ ಸ್ಥಿತಿ ಏನಿದ್ದಿತೆಂಬುದನ್ನು ವಿಚಾರಿಸುವುದು ಅವಶ್ಯ. ‘ಅಪ್ರಾಪ್ತವಯಸ್ಕರ ಕುಡಿತ’ ಎಂಬ ಭಾವನೆಗೇ ಒಂದು ಚರಿತ್ರೆಯುಂಟೆಂಬುದೂ, ಪಾನಗೃಹದ ಸ್ಮರಣೆಗಳ ಧ್ವನಿಯು ಆ ಚರಿತ್ರೆಯನ್ನು ಅನುಸರಿಸಿ ಬದಲಾಗಿದೆಯೆಂಬುದೂ ಈ ಲೇಖನದ ಪ್ರತಿಪಾದ್ಯ ವಿಷಯ.

ಮೊದಲು ಎರಡು ಸ್ಮರಣೆಗಳನ್ನು ನೋಡೋಣ. ಪ್ರಬಂಧಕಾರನಾದ ಚಾರ್ಲ್ಸ್ ಲ್ಯಾಂಬನು ೧೭೮೨ರಲ್ಲಿ ಲಂಡನ್ನಿನ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಗೆ ಸೇರಿದನು. ೧೮೨೦ರಲ್ಲಿ ಆ ಶಾಲೆಯನ್ನು ಕುರಿತು ಬರೆದ ಪ್ರಸಿದ್ಧವಾದ ಪ್ರಬಂಧದಲ್ಲಿ, ಬೆಳಗಿನ ರೊಟ್ಟಿಯೊಡನೆ ಹುಡುಗರಿಗೆ ಮರದ ಪಾತ್ರೆಗಳಲ್ಲಿ ಬಿಯರ್ ಕೊಡುತ್ತಿದ್ದುದನ್ನು ಅವನು ಸ್ಮರಿಸುತ್ತಾನೆ. ಅವನ ದೂರು ಮಕ್ಕಳಿಗೆ ಮದ್ಯ ಕೊಟ್ಟರೆಂಬುದಲ್ಲ. ಆ ಬಿಯರ್ ತೀರ ನೀರಾಗಿತ್ತೆಂಬುದು. ಸಾರ ಕಡಮೆಯಾದ ಇಂಥ ಬಿಯರು ಆ ಕಾಲದ ಇಂಗ್ಲೆಂಡಿನಲ್ಲಿ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಆಹಾರದ ಒಂದು ಭಾಗವೇ ಆಗಿದ್ದಿತು.

ಎರಡನೆಯದು ಚಾರ್ಲ್ಸ್ ಡಿಕನ್ಸನದು. ೧೮೨೪ರಲ್ಲಿ ತಂದೆಯು ಸಾಲಗಾರರ ಸೆರೆಮನೆಯನ್ನು ಸೇರಿದ ಕಾಲಕ್ಕೆ, ಹನ್ನೆರಡು ವರ್ಷದ ಡಿಕನ್ಸನು ಪಾದರಕ್ಷೆಗೆ ಬಳಿಯುವ ಕರಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ವಾರಕ್ಕೆ ಆರೇಳು ಷಿಲ್ಲಿಂಗಿನ ಕೂಲಿಗೆ ದುಡಿಯುತ್ತಿದ್ದನು. ಒಂದು ಸಂಜೆ ಅವನು ಪಾರ್ಲಿಮೆಂಟ್ ಬೀದಿಯ ಪಾನಗೃಹವೊಂದಕ್ಕೆ ಹೋಗಿ, ಅಲ್ಲಿದ್ದವುಗಳಲ್ಲಿ ಅತ್ಯುತ್ತಮವಾದ ಏಲಿನ ಬೆಲೆಯನ್ನು ಕೇಳಿ, ಒಂದು ಗ್ಲಾಸನ್ನು ಕೊಡಬೇಕೆಂದನು. ಯಜಮಾನನು ವಿಸ್ಮಿತನಾಗಿ ಹೆಂಡತಿಯನ್ನು ಕರೆದನು. ಇಬ್ಬರೂ ಅವನ ಹೆಸರು, ವಯಸ್ಸು, ವೃತ್ತಿಗಳನ್ನು ವಿಚಾರಿಸಿ ಏಲನ್ನು ಕೊಟ್ಟರು. ಆ ಗೃಹಿಣಿ ಬಾಗಿ ಅವನಿಗೆ ಮುತ್ತಿಟ್ಟಳು. ಡಿಕನ್ಸನು ತನ್ನ ಆತ್ಮವೃತ್ತಾಂತದ ತುಣುಕಿನಲ್ಲಿ ಬರೆದಿಟ್ಟಿದ್ದ ಈ ಸಂಗತಿಯು ಅವನ ಕಾಲಾನಂತರ ಮಿತ್ರನಾದ ಫಾರ್ಸ್ಟರನ ಜೀವನಚರಿತ್ರೆಯಿಂದ ಲೋಕಕ್ಕೆ ತಿಳಿಯಿತು. ಅದಕ್ಕೂ ಮುಂಚೆಯೇ, ೧೮೪೯–೫೦ರಲ್ಲಿ ಪ್ರಕಟವಾದ ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯ ಹನ್ನೊಂದನೆಯ ಅಧ್ಯಾಯದಲ್ಲಿ ಅದು ಸೇರಿಹೋಗಿತ್ತು.

ಆ ದಂಪತಿಗಳ ಕಣ್ಣಿನಲ್ಲಿ ಕನಿಕರವಿದ್ದಿತು, ನಿಷೇಧವಿರಲಿಲ್ಲ. ನಿಷೇಧಿಸತಕ್ಕ ಕಾಯಿದೆಯೇ ಆಗ ಇರಲಿಲ್ಲ. ದೊಡ್ಡವರಂತೆ ದುಡಿದು, ದೊಡ್ಡವರಂತೆ ಕೂಲಿ ಪಡೆದು, ಒಬ್ಬಂಟಿಯಾಗಿ ಬಾಳುತ್ತಿದ್ದ ಹುಡುಗನು ದೊಡ್ಡವರಂತೆ ಕುಡಿಯಲು ಬಂದುದರಲ್ಲಿ ಅವರಿಗೆ ಕಂಡುದು ದುರ್ನಡತೆಯಲ್ಲ, ದುರವಸ್ಥೆ. ಈ ಪ್ರಸಂಗದ ಕರುಣರಸವೆಲ್ಲವೂ ಇಲ್ಲಿಯೇ ನಿಂತಿದೆ. ಇಂದಿನ ಕಾಯಿದೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಹುಡುಗನ ತುಂಟತನವೆಂದು ಓದಿದರೆ ಆ ರಸವು ಕೆಟ್ಟುಹೋಗುತ್ತದೆ.

ಹಾಗಾದರೆ ಆ ಕಾಲದವರಿಗೆ ಮಕ್ಕಳ ಕುಡಿತದ ಬಗ್ಗೆ ಕಳವಳವೇ ಇರಲಿಲ್ಲವೆ? ಇದ್ದಿತು, ಆದರೆ ಅದು ಬಿಯರಿಗೆ ಸಂಬಂಧಿಸಿದುದಲ್ಲ, ಜಿನ್ ಮೊದಲಾದ ಬಟ್ಟಿಯಿಳಿಸಿದ ಮದ್ಯಗಳಿಗೆ ಸಂಬಂಧಿಸಿದುದು. ೧೭೫೧ರಲ್ಲಿ ಹೋಗಾರ್ತನೆಂಬ ಚಿತ್ರಕಾರನು ‘ಬಿಯರ್ ಬೀದಿ’, ‘ಜಿನ್ ಓಣಿ’ ಎಂಬ ಜೋಡಿ ಚಿತ್ರಗಳನ್ನು ಅಚ್ಚುಹಾಕಿಸಿದನು. ಬಿಯರ್ ಬೀದಿಯ ಜನ ದೃಢಕಾಯರು, ಸಂತುಷ್ಟರು. ಜಿನ್ ಓಣಿಯಲ್ಲಾದರೋ ತಾಯಿಯ ತೋಳಿನಿಂದ ಕೂಸು ಜಾರಿ ಬೀಳುತ್ತಿದೆ. ಇನ್ನೊಬ್ಬಳು ಎಳೆಗೂಸಿನ ಬಾಯಿಗೆ ಜಿನ್ ಹೊಯ್ಯುತ್ತಿದ್ದಾಳೆ. ಧರ್ಮಶಾಲೆಯ ಹುಡುಗಿಯರಿಬ್ಬರು ಜಿನ್ ಕುಡಿಯುತ್ತಿದ್ದಾರೆ. ಬಿಯರು ಹಿತ, ಜಿನ್ ವಿಷ ಎಂಬ ಈ ಭೇದವು ಮುಂದೆ ಬಹುಕಾಲ ಕಾಯಿದೆಗಳನ್ನೂ ಆಳಿತು. ೧೮೩೦ರ ಬಿಯರ್ ಕಾಯಿದೆಯು ತೆರಿಗೆ ತೆರುವ ಯಾವ ಗೃಹಸ್ಥನೇ ಆಗಲಿ ಎರಡು ಗಿನಿಗಳನ್ನು ಕೊಟ್ಟು ಬಿಯರಿನಂಗಡಿ ತೆರೆಯಬಹುದೆಂದು ಅನುಮತಿಯಿತ್ತುದಕ್ಕೆ, ಜನರು ಜಿನ್ನನ್ನು ಬಿಟ್ಟಾರೆಂಬ ಆಶೆಯೂ ಒಂದು ಕಾರಣ. ಫಲವಾಗಿ ಕೆಲವೇ ತಿಂಗಳುಗಳಲ್ಲಿ ಸಾವಿರಾರು ಹೊಸ ಅಂಗಡಿಗಳು ತಲೆಯೆತ್ತಿದವು.

೧೮೩೪ರಲ್ಲಿ ಕುಡಿತವನ್ನು ಕುರಿತು ವಿಚಾರಿಸಲು ಪಾರ್ಲಿಮೆಂಟು ಒಂದು ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷನಾದ ಜೇಮ್ಸ್ ಸಿಲ್ಕ್ ಬಕಿಂಗ್‌ಹ್ಯಾಮನ ಹೆಸರು ನಮ್ಮ ದೇಶದ ಪತ್ರಿಕೆಗಳ ಚರಿತ್ರೆಯನ್ನು ಬಲ್ಲವರಿಗೆ ಅಪರಿಚಿತವಲ್ಲ. ೧೮೧೮ರಲ್ಲಿ ‘ಕಲ್ಕತ್ತಾ ಜರ್ನಲ್’ ಪತ್ರಿಕೆಯನ್ನು ಆರಂಭಿಸಿ, ಸರ್ಕಾರವನ್ನು ಟೀಕಿಸಿದ್ದಕ್ಕಾಗಿ ೧೮೨೩ರಲ್ಲಿ ಭರತಖಂಡದಿಂದ ಹೊರದೂಡಲ್ಪಟ್ಟವನು ಇವನೇ. ಲಂಡನ್ನಿನ ೧೪ ದೊಡ್ಡ ಜಿನ್ ಅಂಗಡಿಗಳಿಗೆ ಒಂದು ವಾರದಲ್ಲಿ ಬಂದುಹೋದವರ ಲೆಕ್ಕವೊಂದು ಈ ವಿಚಾರಣೆಯಿಂದ ಪ್ರಸಿದ್ಧಿಗೆ ಬಂದಿತು. ಗಂಡಸರು ೧,೪೨,೪೫೩, ಹೆಂಗಸರು ೧,೦೮,೫೯೩, ಮಕ್ಕಳು ೧೮,೩೯೧, ಒಟ್ಟು ೨,೬೯,೪೩೭. ಎಂದರೆ ಹದಿನೈದು ಮಂದಿಗೆ ಸುಮಾರು ಒಬ್ಬರಂತೆ ಮಕ್ಕಳು. ಅಂಗಡಿಯೊಂದಕ್ಕೆ ದಿನಕ್ಕೆ ಸರಾಸರಿ ೧೮೦ಕ್ಕೂ ಹೆಚ್ಚು.

ಈ ಸಂಖ್ಯೆಗಳನ್ನು ಉಪಯೋಗಿಸುವಲ್ಲಿ ಎಚ್ಚರಿಕೆ ಬೇಕು. ಎಣಿಸಿದ್ದು ಬಾಗಿಲನ್ನು ಹೊಕ್ಕವರನ್ನು; ದಿನಕ್ಕೆ ಮೂರು ಬಾರಿ ಬಂದ ಮಗುವು ಈ ಲೆಕ್ಕದಲ್ಲಿ ಮೂರಾಗುತ್ತದೆ. ಬಂದವರಲ್ಲಿ ತಾವೇ ಕುಡಿದವರೆಷ್ಟು, ತಂದೆತಾಯಿಗಳಿಗಾಗಿ ಕೊಂಡುಹೋದವರೆಷ್ಟು, ತಾಯಿಯ ಸೆರಗು ಹಿಡಿದು ಬಂದವರೆಷ್ಟು ಎಂಬುದನ್ನು ಲೆಕ್ಕವು ಹೇಳದು. ಡಿಕನ್ಸನ ಸ್ಮರಣೆಯು ಒಬ್ಬ ಹುಡುಗನ ಮನಸ್ಸನ್ನು ತೋರಿಸುತ್ತದೆ, ಸಮೂಹವನ್ನು ತೋರಿಸದು. ಸಮಿತಿಯ ಲೆಕ್ಕವು ಸಮೂಹವನ್ನು ತೋರಿಸುತ್ತದೆ, ಮನಸ್ಸನ್ನು ತೋರಿಸದು. ಚರಿತ್ರಕಾರನಿಗೆ ಎರಡೂ ಬೇಕು.

ಮುಂದಿನ ಕಾಯಿದೆಗಳ ಕ್ರಮವನ್ನು ಪರಿಶೀಲಿಸಿದರೆ ಒಂದು ವಿಶೇಷವು ಕಂಡುಬರುತ್ತದೆ. ೧೮೩೯ರಲ್ಲಿ ಲಂಡನ್ನಿನಲ್ಲಿಯೂ, ೧೮೭೨ರಲ್ಲಿ ಇಂಗ್ಲೆಂಡಿನಲ್ಲೆಲ್ಲಾ, ನೋಟಕ್ಕೆ ೧೬ ವರ್ಷಕ್ಕೆ ಕಡಮೆಯೆಂದು ತೋರುವವರಿಗೆ ಅಂಗಡಿಯಲ್ಲಿಯೇ ಕುಡಿಯುವುದಕ್ಕಾಗಿ ಬಟ್ಟಿಯಿಳಿಸಿದ ಮದ್ಯವನ್ನು ಮಾರಕೂಡದೆಂದಾಯಿತು. ಬಿಯರಿನ ಸರದಿ ಬಂದುದು ೧೮೮೬ರಲ್ಲಿ. ಅದೂ ೧೩ ವರ್ಷದೊಳಗಿನವರಿಗೆ ಮಾತ್ರ, ಅಂಗಡಿಯಲ್ಲಿ ಕುಡಿಯುವುದಕ್ಕೆ ಮಾತ್ರ. ಮನೆಗೆ ಒಯ್ಯುವುದಕ್ಕೆ ಅಡ್ಡಿಯಿರಲಿಲ್ಲ. ಆದಕಾರಣ ಸಂಜೆಯ ಊಟದ ಹೊತ್ತಿಗೆ ತೆರೆದ ಹೂಜಿಯನ್ನು ಹಿಡಿದು ಪಾನಗೃಹಕ್ಕೆ ಓಡುವ ಮಗುವು ಕೂಲಿಕಾರರ ಬೀದಿಗಳ ನಿತ್ಯದ ನೋಟವಾಗಿಯೇ ಉಳಿಯಿತು. ಹಾದಿಯಲ್ಲಿ ಹೂಜಿಗೆ ಬಾಯಿಟ್ಟು ಒಂದೆರಡು ಗುಟುಕು ಹೀರುವುದು ಅದರ ಸಂಬಳವೆಂಬಂತಿದ್ದಿತು. ೧೯೦೧ರ ಕಾಯಿದೆಯು ಇದಕ್ಕೆ ಕಂಡುಕೊಂಡ ಉಪಾಯವು ಸ್ವಾರಸ್ಯವಾದುದು: ೧೪ ವರ್ಷದೊಳಗಿನವರ ಕೈಗೆ ಕೊಡುವ ಪಾತ್ರೆಯು ಬಿರಡೆಯಿಟ್ಟು ಮುದ್ರೆ ಹಾಕಿದುದಾಗಿರಬೇಕು. ಓಡಾಟವನ್ನು ನಿಲ್ಲಿಸಲಿಲ್ಲ, ಗುಟುಕನ್ನು ನಿಲ್ಲಿಸಿತು.

೧೯೦೮ರ ಮಕ್ಕಳ ಕಾಯಿದೆಯು ೧೪ ವರ್ಷದೊಳಗಿನವರನ್ನು ಪಾನಶಾಲೆಯ ಒಳಕ್ಕೆ ಬಿಡಬಾರದೆಂದೂ, ೫ ವರ್ಷದೊಳಗಿನ ಕೂಸಿಗೆ ಔಷಧಕ್ಕಲ್ಲದೆ ಮದ್ಯ ಕೊಡಬಾರದೆಂದೂ ವಿಧಿಸಿತು. ಪಾನಗೃಹದ ಮೆಟ್ಟಿಲ ಮೇಲೆ ತಂದೆತಾಯಿಗಳಿಗಾಗಿ ಕಾದು ಕುಳಿತ ನೆನಪು ಅನಂತರದ ಬಾಲ್ಯಸ್ಮರಣೆಗಳಲ್ಲಿ ಮತ್ತೆಮತ್ತೆ ಬರುವುದಕ್ಕೆ ಇದು ಕಾರಣ. ಕೊನೆಗೆ ೧೯೨೩ರಲ್ಲಿ, ಪಾರ್ಲಿಮೆಂಟಿನಲ್ಲಿ ಆಸನವನ್ನು ಪಡೆದ ಮೊದಲನೆಯ ಮಹಿಳೆಯಾದ ಲೇಡಿ ಆಸ್ಟರ್ ಅವರ ಪ್ರಯತ್ನದಿಂದ, ೧೮ ವರ್ಷದೊಳಗಿನವರಿಗೆ ಪಾನಶಾಲೆಯಲ್ಲಿ ಮದ್ಯವನ್ನು ಮಾರಕೂಡದೆಂಬ ಕಾಯಿದೆಯಾಯಿತು. ೧೬ ತುಂಬಿದವರು ಊಟದೊಡನೆ ಬಿಯರ್, ಸೈಡರ್‌ಗಳಂಥ ಪಾನೀಯಗಳನ್ನು ಕೊಳ್ಳಬಹುದೆಂಬ ವಿನಾಯಿತಿ ಮಾತ್ರ ಉಳಿಯಿತು.

ಅಂದಿನಿಂದ ಸ್ಮರಣೆಗಳ ಧ್ವನಿ ಬೇರೆಯಾಯಿತು. ಲ್ಯಾಂಬನ ಗೊಣಗಾಟವಿಲ್ಲ, ಡಿಕನ್ಸನ ಏಕಾಂತದ ದುಃಖವಿಲ್ಲ. ಅವುಗಳ ಸ್ಥಾನದಲ್ಲಿ ಸಾಹಸಕಥೆ ಬಂದಿತು. ಹದಿನಾರು ಹದಿನೇಳರ ಹುಡುಗನು ಅಣ್ಣನ ಅಂಗಿ ತೊಟ್ಟು, ದನಿಯನ್ನು ದಪ್ಪಮಾಡಿಕೊಂಡು, ಗೆಳೆಯರಲ್ಲಿ ಎತ್ತರವಾದವನನ್ನು ಮುಂದೆ ಕಳುಹಿಸಿ, ತಾನು ಮೂಲೆಯಲ್ಲಿ ಕುಳಿತ ಕಥೆ ಅದು. ಇವುಗಳಲ್ಲಿ ಬರುವ ಯಜಮಾನನು ಎಲ್ಲವನ್ನೂ ಬಲ್ಲವನು, ಏನನ್ನೂ ಕೇಳದವನು. ಈ ಜಾಣಮೌನವು ಹೇಳುವವರ ಅಲಂಕಾರವೆಂದು ತಳ್ಳಿಹಾಕತಕ್ಕುದಲ್ಲ. ಅದರ ಬೇರು ಕಾಯಿದೆಯ ಒಂದು ಪದದಲ್ಲಿಯೇ ಇದೆ. ‘ತಿಳಿದೂ’ ಮಾರಿದವನು ಮಾತ್ರ ಅಪರಾಧಿ ಎಂದು ಕಾಯಿದೆ ಹೇಳುತ್ತಿದ್ದಿತು; ವಯಸ್ಸನ್ನು ಕೇಳದವನಿಗೆ ತಿಳಿಯುವುದೆಂತು? ೧೯೬೪ರ ಕಾಯಿದೆಯಲ್ಲಿಯೂ ಉಳಿದಿದ್ದ ಈ ಪದವನ್ನು ೧೯೮೮ರಲ್ಲಿ ತೆಗೆದುಹಾಕಿ, ತಕ್ಕ ಎಚ್ಚರಿಕೆಯನ್ನು ವಹಿಸಿದೆನೆಂದು ಮಾರಿದವನೇ ತೋರಿಸಬೇಕೆಂದು ಮಾಡಿದರು. ೨೦೦೫ರಲ್ಲಿ ಜಾರಿಗೆ ಬಂದ ೨೦೦೩ರ ಕಾಯಿದೆಯ ತರುವಾಯ, ವಯಸ್ಸಿಗೆ ಪ್ರಮಾಣಪತ್ರವನ್ನು ಕೇಳುವುದು ಪಾನಗೃಹಗಳಲ್ಲಿ ವಾಡಿಕೆಯಾಗಿದೆ. ಹೀಗೆ ಕಣ್ಣುಮುಚ್ಚಿದ ಯಜಮಾನನು ಚರಿತ್ರೆಗೆ ಸೇರಿದನು. ಅವನನ್ನು ಕುರಿತ ಹಂಬಲದ ಬರೆಹಗಳು ಹೆಚ್ಚಿದುದಕ್ಕೆ ಇದೂ ಒಂದು ಕಾರಣವಿರಬಹುದು.

ಒಂದು ಆಕ್ಷೇಪಣೆಯುಂಟು. ಕಾಯಿದೆಯಿಂದಲೇ ಅಪರಾಧ ಹುಟ್ಟಿತೆಂದರೆ, ಕಾಯಿದೆಯಿಲ್ಲದ ಕಾಲದಲ್ಲಿ ಹಾನಿಯೂ ಇರಲಿಲ್ಲವೆಂದು ಹೇಳಿದಂತಾಗದೆ? ಆಗದು. ೧೮೩೪ರ ಲೆಕ್ಕದ ೧೮,೩೯೧ರಲ್ಲಿ ಯಾವ ಮಗುವಿನ ಹೆಸರೂ ನಮಗೆ ತಿಳಿಯದು. ಅವರಲ್ಲಿ ಆತ್ಮಕಥೆ ಬರೆಯುವಷ್ಟು ಬಾಳಿದವರೂ ಕಲಿತವರೂ ವಿರಳವಾಗಿಯೇ ಇದ್ದಿರಬೇಕು. ಸ್ಮರಣೆಯನ್ನು ಬರೆಯುವವನು ಬದುಕಿ ಉಳಿದವನು. ಅವನಿಗೆ ಹಿಂದಿನದು ಹಿತವಾಗಿ ತೋರುವುದು ಸಹಜ. ಕುಡಿತವು ಯಾರನ್ನು ಕೆಡಿಸಿತೋ ಅವರು ಬರೆಯಲಿಲ್ಲ. ಸ್ಮೃತಿಸಾಹಿತ್ಯವೆಲ್ಲಕ್ಕೂ ಇರುವ ಈ ದೋಷವು ಪಾನಗೃಹದ ವಿಷಯದಲ್ಲಿ ಇಮ್ಮಡಿಯಾಗಿದೆ.

ಆದುದರಿಂದ ಇಂಥ ಪ್ರಸಂಗಗಳನ್ನು ಬೋಧಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ. ಆ ವರ್ಷದಲ್ಲಿ ಆ ವಯಸ್ಸಿನವನಿಗೆ ಯಾವುದು ನಿಷಿದ್ಧವಾಗಿತ್ತು? ಹುಡುಗನು ಹೋದುದು ಕುಡಿಯುವುದಕ್ಕೋ, ತರುವುದಕ್ಕೋ, ಕಾಯುವುದಕ್ಕೋ? ಬರೆದವನ ಪಕ್ಕದಲ್ಲಿ ನಿಂತಿದ್ದು ಬರೆಯದೆ ಹೋದವರಾರು? ಮೊದಲನೆಯದಕ್ಕೆ ಕಾಯಿದೆಯ ಪುಸ್ತಕವೂ, ಎರಡನೆಯದಕ್ಕೆ ಕೃತಿಯೂ ಉತ್ತರವನ್ನು ಕೊಡುತ್ತವೆ. ಮೂರನೆಯದಕ್ಕೆ ಸಮಿತಿಯ ಲೆಕ್ಕದ ಆ ಒಂದು ಸಂಖ್ಯೆಗಿಂತ ಹೆಚ್ಚಿನ ಉತ್ತರ ದೊರೆಯುವುದು ದುರ್ಲಭ. ಡಿಕನ್ಸನಿಗೆ ಮುತ್ತಿಟ್ಟ ಆ ಗೃಹಿಣಿಯ ಕನಿಕರವು ಒಬ್ಬ ಹುಡುಗನಿಗೆ ಸಾಕಾಯಿತು. ಸಾವಿರಾರು ಮಕ್ಕಳಿಗೆ ಅದು ಸಾಲದೆಂದು ಕಂಡುಕೊಳ್ಳುವುದಕ್ಕೆ ಅವಳ ದೇಶಕ್ಕೆ ಮುಂದೆ ನೂರು ವರ್ಷ ಹಿಡಿಯಿತು.