ಗುಂಡಿನ ವೇಗವನ್ನು ಅಳೆದವರು

ರಿವಾಲ್ವರ್, ಪಿಸ್ತೂಲುಗಳ ಮಾತು ಬಂದರೆ ಮೊದಲು ಕೇಳಿಬರುವ ಪ್ರಶ್ನೆ: ಯಾವುದರ ಗುಂಡಿಗೆ ವೇಗ ಹೆಚ್ಚು? ಉತ್ತರವಾಗಿ ಒಂದು ಅಂಕಿ ಸಿಗುತ್ತದೆ. ಗುಂಡಿನ ತೂಕವೆಷ್ಟು, ನಳಿಗೆಯ ಉದ್ದವೆಷ್ಟು, ಅಳೆದದ್ದು ಹೇಗೆ ಎಂಬುದು ತಿಳಿಯದೆ ಆ ಅಂಕಿಗೆ ಬೆಲೆಯಿಲ್ಲ.

ಗುಂಡಿನ ವೇಗವನ್ನು ಶಾಸ್ತ್ರೀಯವಾಗಿ ಅಳೆಯುವ ದಾರಿ ತೋರಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಲೋಲಕವೊಂದನ್ನು ವರ್ಣಿಸಿದ. ತೂಗುಬಿಟ್ಟ ಭಾರವಾದ ಮರದ ದಿಮ್ಮಿಗೆ ಗುಂಡು ಹೊಡೆಯಬೇಕು. ದಿಮ್ಮಿ ಎಷ್ಟು ಹಿಂದಕ್ಕೆ ತೂಗಿತು ಎಂಬುದನ್ನು ನೋಡಿ ಗುಂಡಿನ ವೇಗವನ್ನು ಲೆಕ್ಕ ಹಾಕಬೇಕು. ಅಂದಿನ ಉದ್ದ ನಳಿಗೆಯ ಬಂದೂಕದ ಗುಂಡು ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆಂದು ತಿಳಿದಾಗ ವಿದ್ವಾಂಸರು ಬೆರಗಾದರು. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಭದ್ರಪಡಿಸಲು ನಮ್ಮ ದೇಶಕ್ಕೆ ಬಂದ ರಾಬಿನ್ಸ್, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಕೈಯಲ್ಲಿ ಹಿಡಿಯುವ ಆಯುಧಕ್ಕೆ ಅಷ್ಟು ವೇಗ ಸುಲಭವಾಗಿ ದಕ್ಕಲಿಲ್ಲ. ನಳಿಗೆ ಗಿಡ್ಡವಾದಷ್ಟೂ ಮದ್ದಿನ ಅನಿಲ ಗುಂಡನ್ನು ತಳ್ಳುವ ಅವಧಿ ಕಡಿಮೆ. 1873ರಲ್ಲಿ ಅಮೆರಿಕದ ಸೇನೆಗೆ ಸೇರಿದ .45 ಕೋಲ್ಟ್ ತೋಟಾದ ಗುಂಡು ಹದಿನಾರು ಗ್ರಾಂಗೂ ಹೆಚ್ಚು ತೂಗುತ್ತಿತ್ತು. ವೇಗ ಸೆಕೆಂಡಿಗೆ ಸುಮಾರು 270 ಮೀಟರ್. 1892ರಲ್ಲಿ ಅದೇ ಸೇನೆ ಹಗುರವಾದ .38 ರಿವಾಲ್ವರನ್ನು ಆರಿಸಿಕೊಂಡಿತು. ಅದರ ಗುಂಡಿನ ತೂಕ ಹತ್ತು ಗ್ರಾಂಗೂ ಕಡಿಮೆ, ವೇಗ ಸುಮಾರು 230 ಮೀಟರ್.

ಫಿಲಿಪೈನ್ಸ್ ದ್ವೀಪಗಳನ್ನು ವಶಪಡಿಸಿಕೊಳ್ಳುವ ಯುದ್ಧದಲ್ಲಿ ಈ .38 ಸಾಲದಾಯಿತು. ತಮ್ಮ ನೆಲಕ್ಕಾಗಿ ಹೋರಾಡುತ್ತಿದ್ದ ಮೋರೋ ಜನ ಗುಂಡು ತಗುಲಿದ ಮೇಲೂ ಮುನ್ನುಗ್ಗಿ ಬರುತ್ತಾರೆಂದು ಅಮೆರಿಕದ ಸೈನಿಕರು ದೂರಿದರು. 1904ರಲ್ಲಿ ಥಾಮ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಷಿಕಾಗೋದ ದನದ ಕಸಾಯಿಖಾನೆಯಲ್ಲಿ ಜೀವಂತ ದನಗಳ ಮೇಲೂ, ಬೇರೆಡೆ ಮನುಷ್ಯರ ಶವಗಳ ಮೇಲೂ ಪ್ರಯೋಗ ನಡೆಸಿದರು. ಒಳವ್ಯಾಸ .45 ಅಂಗುಲಕ್ಕಿಂತ ಕಡಿಮೆ ಇರಬಾರದೆಂಬುದು ಅವರ ತೀರ್ಮಾನ. ಅದರ ಫಲವೇ 1911ರ .45 ಪಿಸ್ತೂಲು. ಅದರ ಗುಂಡಿನ ವೇಗ ಸುಮಾರು 255 ಮೀಟರ್, ಅಂದರೆ .38ಕ್ಕಿಂತ ತುಸುವೇ ಹೆಚ್ಚು. ತೂಕ ಮಾತ್ರ ಒಂದೂವರೆ ಪಟ್ಟು. ಕೆಲವೇ ದನಗಳ ಮೇಲೆ ನಡೆದ ಈ ಪರೀಕ್ಷೆಯ ವೈಜ್ಞಾನಿಕತೆಯನ್ನು ಮುಂದೆ ಅನೇಕರು ಪ್ರಶ್ನಿಸಿದರು. ಆದರೂ ಭಾರ ಮೇಲೋ ವೇಗ ಮೇಲೋ ಎಂಬ ವಾದಕ್ಕೆ ಅದು ಬಹುಕಾಲ ಆಧಾರವಾಯಿತು.

ವೇಗದ ಪಕ್ಷ ಮೇಲುಗೈ ಪಡೆದದ್ದು 1935ರಲ್ಲಿ. ಆ ವರ್ಷ ಬಂದ .357 ಮ್ಯಾಗ್ನಮ್ ತೋಟಾ ಹತ್ತು ಗ್ರಾಂ ಗುಂಡನ್ನು ಸುಮಾರು 450 ಮೀಟರ್ ವೇಗದಲ್ಲಿ ಹಾರಿಸುತ್ತದೆಂದು ಪ್ರಚಾರವಾಯಿತು. ಶಬ್ದದ ವೇಗ ಸುಮಾರು 340 ಮೀಟರ್. 1955ರ ಕೊನೆಯಲ್ಲಿ .44 ಮ್ಯಾಗ್ನಮ್ ಬಂತು. ಅದರ ಗುಂಡಿನ ತೂಕ ಹದಿನೈದು ಗ್ರಾಂಗೂ ಮಿಕ್ಕದ್ದು, ವೇಗ 400 ಮೀಟರಿಗೂ ಹೆಚ್ಚು. 2003ರಲ್ಲಿ ಬಂದ .500 ಸ್ಮಿತ್ ಅಂಡ್ ವೆಸನ್ ತೋಟಾ 28 ಗ್ರಾಂ ಗುಂಡನ್ನು 500 ಮೀಟರಿನ ಸಮೀಪಕ್ಕೆ ಒಯ್ದಿತು. ರಾಬಿನ್ಸ್ ಬಂದೂಕದಲ್ಲಿ ಕಂಡ ವೇಗವನ್ನು ಇಷ್ಟು ಭಾರದ ಗುಂಡಿನೊಂದಿಗೆ ರಿವಾಲ್ವರ್ ಮುಟ್ಟುವ ಹೊತ್ತಿಗೆ 260 ವರ್ಷ ಕಳೆದಿದ್ದವು. ಅದರ ಒದೆತವನ್ನು ತಾಳಲು ಆಯುಧವೇ ಸುಮಾರು ಎರಡು ಕಿಲೋ ತೂಗಬೇಕಾಯಿತು.

ಗುಂಡಿನ ಶಕ್ತಿ ಅದರ ತೂಕದೊಡನೆ ನೇರವಾಗಿಯೂ ವೇಗದೊಡನೆ ವರ್ಗದ ಪ್ರಮಾಣದಲ್ಲಿಯೂ ಬೆಳೆಯುತ್ತದೆ. ಆದ್ದರಿಂದ 1892ರ .38ರಲ್ಲಿ ಸುಮಾರು 250 ಜೌಲ್ ಇದ್ದ ಶಕ್ತಿ .500ರಲ್ಲಿ 3,400 ಜೌಲ್ ಆಸುಪಾಸಿಗೆ ಏರಿತು. ವೇಗ ಹೆಚ್ಚಿದ್ದು ಎರಡು ಪಟ್ಟಿಗೆ ತುಸು ಮಿಗಿಲು. ಶಕ್ತಿ ಹೆಚ್ಚಿದ್ದು ಹದಿಮೂರು ಪಟ್ಟಿಗೂ ಮಿಗಿಲು.

ಇಲ್ಲೊಂದು ಎಚ್ಚರಿಕೆ ಅಗತ್ಯ. ರಿವಾಲ್ವರಿನ ತಿರುಗುವ ಉರುಳೆಗೂ ನಳಿಗೆಗೂ ನಡುವೆ ಕಿರಿದಾದ ಸಂದು ಇರುತ್ತದೆ. ಅಲ್ಲಿ ಅನಿಲ ಸೋರಿ ವೇಗ ತಗ್ಗುತ್ತದೆ. ತಯಾರಕರು ಬಹುಕಾಲ ತಮ್ಮ ಅಂಕಿಗಳನ್ನು ಸಂದಿಲ್ಲದ ಉದ್ದನೆಯ ಪರೀಕ್ಷಾ ನಳಿಗೆಯಿಂದ ಪಡೆಯುತ್ತಿದ್ದರು. ಕೊಂಡವರ ಕೈಯ ಆಯುಧದಲ್ಲಿ ಅಷ್ಟು ವೇಗ ಬರುತ್ತಿರಲಿಲ್ಲ. ಅಗ್ಗದ ಎಲೆಕ್ಟ್ರಾನಿಕ್ ವೇಗಮಾಪಕಗಳು ಜನಸಾಮಾನ್ಯರ ಕೈಗೆ ಬಂದ ಮೇಲೆಯೇ ಈ ಅಂತರ ಬಯಲಾದದ್ದು.

ಹೀಗೆ ಎರಡು ತೋಟಾಗಳನ್ನು ಹೋಲಿಸುವಾಗ ತೂಕ, ನಳಿಗೆ, ಅಳತೆಯ ವಿಧಾನ ಮೂರನ್ನೂ ಕೇಳಬೇಕು. ಅಷ್ಟೂ ತಿಳಿದ ಮೇಲೆ ಉಳಿಯುವುದು ಇನ್ನೊಂದು ಸಂಗತಿ: ಈ ಅಂಕಿಗಳಿಗಾಗಿ ನಡೆದ ಶೋಧದಲ್ಲಿ ಮೋರೋ ಜನರ ಸಾವೂ ಕಸಾಯಿಖಾನೆಯ ದನಗಳ ನೋವೂ ಸೇರಿವೆ. ವೇಗದ ಪಟ್ಟಿಯಲ್ಲಿ ಅವುಗಳ ಲೆಕ್ಕ ಬರೆದಿರುವುದಿಲ್ಲ. ಚರಿತ್ರೆ ಓದುವವರು ಅದನ್ನು ಮರೆಯಬಾರದು.