ಚೆನ್ನೈನ ಸಣ್ಣ ಕಾರುಗಳು: ಮರಳಿ ಕರೆದದ್ದು, ಕರೆಯದೆ ಉಳಿದದ್ದು

ಮೇಲುಕೋಟೆಯನ್ನು ಬಲ್ಲ ಕನ್ನಡಿಗರಿಗೆ ಶ್ರೀಪೆರುಂಬುದೂರು ರಾಮಾನುಜಾಚಾರ್ಯರ ಜನ್ಮಸ್ಥಳ. ಬೆಂಗಳೂರಿನಿಂದ ಚೆನ್ನೈಗೆ ಹೆದ್ದಾರಿಯಲ್ಲಿ ಹೋಗುವವರಿಗೆ ಅದು ಕಾರ್ಖಾನೆಗಳ ಸೀಮೆಯ ಬಾಗಿಲು. ಅದರಾಚೆಯ ಇರುಂಗಾಟ್ಟುಕೋಟ್ಟೈನಿಂದ 1998ರಲ್ಲಿ ಹ್ಯುಂಡೈ ಸ್ಯಾಂಟ್ರೋ ಹೊರಬಂದಿತು. 2010ರಲ್ಲಿ ಮರೈಮಲೈ ನಗರದಿಂದ ಫೋರ್ಡ್ ಫಿಗೊ, 2015ರಲ್ಲಿ ಒರಗಡಂನಿಂದ ರೆನೊ ಕ್ವಿಡ್. ನಮ್ಮ ಮಧ್ಯಮ ವರ್ಗದ ಎಷ್ಟೋ ಮನೆಗಳ ಮೊದಲ ಕಾರು ಈ ಸೀಮೆಯದು. ಆ ಕಾರುಗಳ ದೋಷಗಳಿಗೆ ಯಾರು ಹೊಣೆ ಹೊತ್ತರು ಎಂಬುದರ ಚರಿತ್ರೆಯನ್ನು ನಾವು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಆ ಚರಿತ್ರೆ ಹ್ಯುಂಡೈಗಿಂತ ಹಳೆಯದು. ವಂಡಲೂರಿನ ಬಳಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಪುಟ್ಟ ಕಾರನ್ನು ತಯಾರಿಸುತ್ತಿತ್ತು. ಅದರ ಹಿಂಬದಿಯ ಚಕ್ರಗಳು ಒಂದಕ್ಕೊಂದು ಸ್ವತಂತ್ರವಾಗಿ ಏರಿಳಿಯುತ್ತಿದ್ದವು. ತಿರುವಿನಲ್ಲಿ ವೇಗ ಹೆಚ್ಚಾದರೆ ಚಕ್ರ ಒಳಕ್ಕೆ ಮಡಿಚಿದಂತಾಗುವುದು ಈ ಏರ್ಪಾಟಿನ ಪ್ರಸಿದ್ಧ ಕೊರತೆ. 1972ರಲ್ಲಿ ಗೆಝೆಲ್ ಎಂಬ ಹೆಸರಿನಲ್ಲಿ ಹೊಸ ಕಾರು ಬಂದಾಗ ಆ ಏರ್ಪಾಟು ಹೋಗಿ ಒಂದೇ ಗಟ್ಟಿ ಆಕ್ಸಲ್ ಬಂದಿತು. ಕೊರತೆ ನೀಗಿದ್ದು ಮುಂದೆ ಕೊಳ್ಳುವವರಿಗೆ ಮಾತ್ರ. ಆಗಲೇ ಹೆರಾಲ್ಡ್ ಕೊಂಡವರಿಗೆ ಮೆಕ್ಯಾನಿಕ್ಕೇ ಗತಿ. ಬೆಂಗಳೂರಿಗೆ ಜೆ.ಸಿ. ರಸ್ತೆ ಹೇಗೋ ಚೆನ್ನೈಗೆ ಜನರಲ್ ಪ್ಯಾಟರ್ಸ್ ರಸ್ತೆ ಹಾಗೆ. ಬಿಡಿಭಾಗ ಹುಡುಕಿಕೊಂಡು ಅಲ್ಲಿಗೋ ಪುದುಪೇಟೆಗೋ ಅಲೆಯುವುದು ಕಾರು ಸಾಕುವ ಖರ್ಚಿನ ಒಂದು ಭಾಗವಾಗಿತ್ತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರಲು ಒಂದು ಕಟ್ಟೆಯನ್ನು ಕೊಟ್ಟಿತು. ಆದರೆ ಅಲ್ಲಿ ಗೆದ್ದವರಿಗೆ ಸಿಗುತ್ತಿದ್ದದ್ದು ತಮ್ಮೊಬ್ಬರ ಪರಿಹಾರ. ಅದೇ ದೋಷವಿದ್ದ ಉಳಿದ ಕಾರುಗಳು ಹಾಗೆಯೇ ಓಡುತ್ತಿದ್ದವು.

ಮಾರಿದ ಕಾರುಗಳನ್ನೆಲ್ಲ ಕಂಪನಿಯೇ ಮರಳಿ ಕರೆದು ಉಚಿತವಾಗಿ ಸರಿಪಡಿಸುವ ರೀಕಾಲ್ ಪದ್ಧತಿಗೆ ಇಲ್ಲಿ ಒಂದು ನಿಯಮಾವಳಿ ಬಂದದ್ದು 2012ರ ಜುಲೈನಲ್ಲಿ. ವಾಹನ ತಯಾರಕರ ಒಕ್ಕೂಟವಾದ ಸಿಯಾಮ್ ಅದನ್ನು ಸ್ವಯಂಪ್ರೇರಿತವೆಂದು ಸಾರಿತು. ಎರಡು ತಿಂಗಳಲ್ಲೇ ಫೋರ್ಡ್ ಸುಮಾರು 1.28 ಲಕ್ಷ ಫಿಗೊ ಮತ್ತು ಕ್ಲಾಸಿಕ್ ಕಾರುಗಳನ್ನು ಕರೆಯಿತು. ಹಿಂಬದಿಯ ಎರಡು ಚಕ್ರಗಳನ್ನು ಜೋಡಿಸುವ ತೊಲೆಯಲ್ಲಿಯೂ ಪವರ್ ಸ್ಟಿಯರಿಂಗಿನ ಎಣ್ಣೆ ಸಾಗುವ ಕೊಳವೆಯಲ್ಲಿಯೂ ದೋಷದ ಸಂಶಯವಿತ್ತು. ಮರುವರ್ಷ ಮತ್ತೆ 1.66 ಲಕ್ಷ ಕಾರುಗಳಿಗೆ ಕರೆ ಹೋಯಿತು. ಸಂಖ್ಯೆ ಕಂಡು ಆ ಕಾರೇ ಕಳಪೆಯೆಂದವರುಂಟು. ನಮ್ಮ ಅಭಿಪ್ರಾಯ ಬೇರೆ. ದೋಷವನ್ನು ಒಪ್ಪಿ ಕರೆದ ಕಾರಿಗಿಂತ, ದೋಷವಿದ್ದೂ ಕರೆಯದ ಕಾರು ಹೆಚ್ಚು ಅಪಾಯಕಾರಿ.

ಕರೆಯದೆ ಉಳಿದದ್ದೇನೆಂಬುದು 2014ರ ಜನವರಿಯಲ್ಲಿ ಬಯಲಾಯಿತು. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ನಮ್ಮ ಮಾರುಕಟ್ಟೆಯ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಡಿಕ್ಕಿ ಹೊಡೆಸಿ ನೋಡಿತು. ಏರ್‌ಬ್ಯಾಗ್ ಇಲ್ಲದ ಆಲ್ಟೊ 800, ನ್ಯಾನೋ, ಐ10, ಫಿಗೊ, ಪೋಲೊ ಐದಕ್ಕೂ ವಯಸ್ಕರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ. ಫಿಗೊ ಮತ್ತು ಪೋಲೊಗಳ ಒಡಲು ಗಟ್ಟಿಯಾಗಿ ನಿಂತಿತ್ತು; ಉಳಿದ ಮೂರರ ಒಡಲು ಕುಸಿದಿದ್ದು, ಏರ್‌ಬ್ಯಾಗ್ ಕೂಡಿಸಿದರೂ ಪ್ರಯೋಜನವಾಗದೆಂದು ಸಂಸ್ಥೆ ಹೇಳಿತು.

ಇವುಗಳಲ್ಲಿ ಐ10ರ ಕಥೆ ನಮ್ಮನ್ನು ಬಹುವಾಗಿ ಕಾಡಿದೆ. ಇರುಂಗಾಟ್ಟುಕೋಟ್ಟೈನಲ್ಲಿ ತಯಾರಾದ ಐ10 ಯುರೋಪಿಗೂ ಹಡಗೇರುತ್ತಿತ್ತು. 2008ರಲ್ಲಿ ಯುರೋ ಎನ್‌ಕ್ಯಾಪ್ ಏರ್‌ಬ್ಯಾಗ್‌ಗಳಿದ್ದ ಐ10 ಕಾರಿಗೆ ವಯಸ್ಕರ ರಕ್ಷಣೆಯಲ್ಲಿ ನಾಲ್ಕು ನಕ್ಷತ್ರಗಳನ್ನು ಕೊಟ್ಟಿತ್ತು. ಎರಡೂ ಸಂಸ್ಥೆಗಳ ಅಂಕಪದ್ಧತಿ ಒಂದೇ ಅಲ್ಲ, ನಿಜ. ಆದರೆ ಎದುರು ಡಿಕ್ಕಿಯ ವೇಗ ಎರಡರಲ್ಲೂ 64 ಕಿ.ಮೀ. ಹೆಸರು ಒಂದೇ, ಕಾರ್ಖಾನೆ ಒಂದೇ. ಹಾಗಾದರೆ ಸುರಕ್ಷಿತ ಕಾರು ಕಟ್ಟುವ ವಿದ್ಯೆ ಚೆನ್ನೈಗೆ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಅದನ್ನು ಕೇಳುವ ಕಾನೂನು ನಮ್ಮಲ್ಲಿರಲಿಲ್ಲ. ನಾವೂ ಕೇಳಲಿಲ್ಲ. ಷೋರೂಮಿನಲ್ಲಿ ನಮ್ಮ ಮೊದಲ ಪ್ರಶ್ನೆ, ‘ಲೀಟರಿಗೆ ಎಷ್ಟು ಕೊಡುತ್ತದೆ?’ ಎಂಬುದೇ ಆಗಿತ್ತು.

ಇಲ್ಲಿ ಎರಡು ಬಗೆಯ ದೋಷಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ತೊಲೆಯೋ ಕೊಳವೆಯೋ ನಕ್ಷೆಯಲ್ಲಿದ್ದಂತೆ ಬಾರದಿದ್ದರೆ ಅದು ತಯಾರಿಕೆಯ ದೋಷ, ರೀಕಾಲಿನಿಂದ ಸರಿಹೋಗುತ್ತದೆ. ಸೊನ್ನೆ ನಕ್ಷತ್ರದ ಕಾರಾದರೋ ನಕ್ಷೆಯಲ್ಲಿದ್ದಂತೆಯೇ ಬಂದದ್ದು. ಅದು ಲೆಕ್ಕ ಹಾಕಿ ಮಾಡಿದ ತೀರ್ಮಾನ. ಕ್ವಿಡ್‌ನಲ್ಲಿ ಎರಡನ್ನೂ ಒಟ್ಟಿಗೆ ಕಾಣಬಹುದು. 2016ರ ಮೇ ತಿಂಗಳಲ್ಲಿ ಅದರ ಮೂರು ಮಾದರಿಗಳಿಗೆ, ಏರ್‌ಬ್ಯಾಗ್ ಇದ್ದ ಮಾದರಿಗೂ ಸೇರಿ, ಸೊನ್ನೆ ಬಂದಿತು. ಅದೇ ಅಕ್ಟೋಬರಿನಲ್ಲಿ ಇಂಧನದ ಕೊಳವೆಯ ತಪಾಸಣೆಗಾಗಿ ಸುಮಾರು 50,000 ಕ್ವಿಡ್‌ಗಳಿಗೆ ಕರೆ ಹೋಯಿತು. ಕೊಳವೆಗೆ ಕ್ಲಿಪ್ ಹಾಕಿಸಿಕೊಂಡು ಮರಳಿದ ಕಾರಿನ ಒಡಲು ಮೊದಲಿನಂತೆಯೇ ಇತ್ತು.

ಎರಡನೆಯ ಬಗೆಯನ್ನು ತಡೆಯಲು ಕಾನೂನೇ ಬೇಕಾಯಿತು. 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ ಡಿಕ್ಕಿ ಪರೀಕ್ಷೆ ಕಡ್ಡಾಯವಾಯಿತು. 2019ರ ಜುಲೈನಿಂದ ಚಾಲಕನ ಏರ್‌ಬ್ಯಾಗ್. ಅದೇ ವರ್ಷದ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಕಲಮು ರೀಕಾಲಿಗೆ ಆಜ್ಞಾಪಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. 2021ರ ಏಪ್ರಿಲಿನಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ ದಂಡ ಒಂದು ಕೋಟಿ ರೂಪಾಯಿಯವರೆಗೆ ಹೋಗಬಹುದು. ಆದರೆ ವಾಹನಕ್ಕೆ ಏಳು ವರ್ಷ ತುಂಬಿರಬಾರದು. 2023ರ ಅಕ್ಟೋಬರಿನಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್ ಬಂದಿತು. ಅದಕ್ಕೆ ಕಾರನ್ನು ಒಪ್ಪಿಸುವುದು ಬಿಡುವುದು ತಯಾರಕರ ಇಚ್ಛೆ.

ಈ ಕಾನೂನುಗಳೆಲ್ಲ ಮುಂದಿನ ಕಾರುಗಳಿಗೆ. ಹೆರಾಲ್ಡ್‌ನ ಒಡೆಯರಂತೆ ಹಳೆಯ ಐ10, ಫಿಗೊ, ಕ್ವಿಡ್‌ಗಳ ಒಡೆಯರೂ ಹಿಂದೆಯೇ ಉಳಿದಿದ್ದಾರೆ. ಆ ಕಾರುಗಳು ಈಗ ಎರಡನೆಯ, ಮೂರನೆಯ ಕೈಗೆ ಹೋಗಿವೆ. ಮೊದಲ ಒಡೆಯರಿಗೆ ಬಂದ ರೀಕಾಲ್ ಪತ್ರ ಅವುಗಳೊಂದಿಗೆ ಬಂದಿರುವುದಿಲ್ಲ. ಆದುದರಿಂದ ಹಳೆಯ ಕಾರು ಕೊಳ್ಳುವ ಮುನ್ನ ಬಣ್ಣ, ಟೈರುಗಳ ಜೊತೆಗೆ ಇನ್ನು ಮೂರನ್ನು ವಿಚಾರಿಸಬೇಕೆಂದು ನಾವು ಓದುಗರಲ್ಲಿ ವಿನಂತಿಸುತ್ತೇವೆ: ತಯಾರಾದ ವರ್ಷ ಯಾವುದು, ಏರ್‌ಬ್ಯಾಗ್ ಇದೆಯೇ, ಷಾಸಿ ಸಂಖ್ಯೆಯ ಮೇಲೆ ರೀಕಾಲ್ ದುರಸ್ತಿ ಏನಾದರೂ ಬಾಕಿ ಇದೆಯೇ.